ವೇಗದ ವೈಜ್ಞಾನಿಕ ಉಪಕರಣಗಳ ದತ್ತಾಂಶವನ್ನು ದೂರದ ಸಂಸ್ಕರಣೆಗಾಗಿ ಬಫರ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಉಪಕರಣ ಒಂದು ಕಡೆ ಇದ್ದು, ಅದರ ದತ್ತಾಂಶವನ್ನು ಸಂಸ್ಕರಿಸುವ ಕಂಪ್ಯೂಟರ್‌ಗಳು ನೂರಾರು ಅಥವಾ ಸಾವಿರಾರು ಕಿಲೋಮೀಟರ್ ಆಚೆ ಇರುವ ವ್ಯವಸ್ಥೆಗಳನ್ನು ಕಟ್ಟುವವರು ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲ ಭಾಗ ಹೊಸಬರಿಗೆ. ಈಗಾಗಲೇ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಹೋಗುವ ದತ್ತಾಂಶದ ತುಂಡು) ಕಳೆದುಕೊಂಡು ತಲೆಕೆಡಿಸಿಕೊಂಡಿರುವವರು ನೇರವಾಗಿ ಮೂರನೆಯ ಭಾಗಕ್ಕೆ ಹೋಗಬಹುದು.

## ಆರಂಭದ ಪ್ರಶ್ನೆಗಳು

ಉಪಕರಣದ ಡೇಟಾವನ್ನು ನೇರವಾಗಿ ದೂರದ ಸರ್ವರ್‌ಗೆ ಕಳಿಸಿಬಿಟ್ಟರೆ ಆಯಿತಲ್ಲ, ನಡುವೆ ಬಫರ್ ಯಾಕೆ?

ಉಪಕರಣ ಗಡಿಯಾರಕ್ಕೆ ಕಟ್ಟುಬಿದ್ದಿರುತ್ತದೆ, ನೆಟ್‌ವರ್ಕ್ ಯಾವುದಕ್ಕೂ ಕಟ್ಟುಬಿದ್ದಿರುವುದಿಲ್ಲ. ಸೆಕೆಂಡಿಗೆ 100 ಕೋಟಿ ಮಾದರಿಗಳನ್ನು ತೆಗೆಯುವ ಡಿಜಿಟೈಸರ್, ಆಚೆ ಬದಿಯ ಸರ್ವರ್ ಬಿಡುವಾಗಿದೆಯೋ ಇಲ್ಲವೋ ಎಂದು ವಿಚಾರಿಸದೆ, ನ್ಯಾನೊಸೆಕೆಂಡಿಗೊಂದರಂತೆ ಕೊಡುತ್ತಲೇ ಇರುತ್ತದೆ. ದಾರಿಯಲ್ಲಿರುವ ಸ್ವಿಚ್‌ಗಳಾದರೋ ಬೇರೆಯವರ ಹೊರೆಯನ್ನೂ ಹೊರುತ್ತವೆ. ಸ್ವೀಕರಿಸುವ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಆಗಾಗ ಕೆಲವು ಮಿಲಿಸೆಕೆಂಡ್ ಬೇರೆ ಕೆಲಸಕ್ಕೆ ಹೋಗುತ್ತದೆ. ಡಿಸ್ಕ್ ನಡುನಡುವೆ ತಡವರಿಸುತ್ತದೆ. ಈ ಎರಡು ಸ್ವಭಾವಗಳ ನಡುವಿನ ಹೊಂದಾಣಿಕೆ ತಪ್ಪಿದಾಗ ಅದನ್ನು ಸ್ವಲ್ಪ ಕಾಲ ತಾಳಿಕೊಳ್ಳುವ ಜಾಗವೇ ಬಫರ್.

ಸ್ವಲ್ಪ ಕಾಲ ಎಂಬುದನ್ನು ಮರೆಯುವುದರಿಂದಲೇ ಹೆಚ್ಚಿನ ವ್ಯವಸ್ಥೆಗಳು ಕೆಡುತ್ತವೆ. ಸರಾಸರಿ ಒಳಹರಿವು ಸರಾಸರಿ ಹೊರಹರಿವಿಗಿಂತ ಹೆಚ್ಚಾಗಿದ್ದರೆ, ಎಷ್ಟು ದೊಡ್ಡ ಬಫರ್ ಇಟ್ಟರೂ ಅದು ತುಂಬುವ ಗಳಿಗೆ ಮುಂದಕ್ಕೆ ಹೋಗುತ್ತದೆಯೇ ಹೊರತು ತಪ್ಪುವುದಿಲ್ಲ. ಆದ್ದರಿಂದ ಯಾವ ಬಫರನ್ನು ನೋಡಿದರೂ ಕೇಳಬೇಕಾದ ಮೊದಲ ಪ್ರಶ್ನೆ, ಇದು ಎಷ್ಟು ಸೆಕೆಂಡ್ ತಾಳುತ್ತದೆ ಎಂಬುದು. ಎಷ್ಟು ಗಿಗಾಬೈಟ್ ಎಂಬುದು ಆಮೇಲಿನ ಮಾತು.

ಹೈ-ಸ್ಪೀಡ್ ಅಂದರೆ ನಿಜಕ್ಕೂ ಎಷ್ಟು? ನಮ್ಮದು ಸೆಕೆಂಡಿಗೆ 200 ಮೆಗಾಬೈಟ್ ಬರುತ್ತದೆ, ಅದಕ್ಕೂ ಇಷ್ಟೆಲ್ಲ ಬೇಕಾ?

ಸೆಕೆಂಡಿಗೆ 200 ಮೆಗಾಬೈಟ್ ಎಂದರೆ 1.6 ಗಿಗಾಬಿಟ್. ಇಂದಿನ ಒಂದು ಸಾಧಾರಣ ಸರ್ವರ್ ಮತ್ತು ಒಂದು ಒಳ್ಳೆಯ ಎಸ್‌ಎಸ್‌ಡಿ ಇದನ್ನು ಸಲೀಸಾಗಿ ನಿಭಾಯಿಸುತ್ತವೆ. ಈ ಮಟ್ಟದಲ್ಲಿ ಕಳೆದುಹೋದದ್ದನ್ನು ಲೆಕ್ಕ ಇಡುವುದು ಮತ್ತು ಮೂಲದಲ್ಲೇ ಸಮಯದ ಮುದ್ರೆ ಒತ್ತುವುದು ಎಂಬ ಎರಡು ಶಿಸ್ತುಗಳನ್ನು ಪಾಲಿಸಿದರೆ ಸಾಕು. ಮುಂದೆ ಹೇಳುವ ಹಲವು ಕಸರತ್ತುಗಳನ್ನು ಬಿಟ್ಟುಬಿಡಬಹುದು.

ಮೇಲಿನ ತುದಿ ಬಹಳ ಎತ್ತರದಲ್ಲಿದೆ. ಕಪ್ಪುಕುಳಿಯ ಚಿತ್ರ ತೆಗೆದ ಇವೆಂಟ್ ಹೊರೈಜನ್ ಟೆಲಿಸ್ಕೋಪ್ ಜಾಲದಲ್ಲಿ 2017ರ ವೀಕ್ಷಣೆಯ ಸಮಯದಲ್ಲಿ ದಾಖಲೆಯ ವೇಗ ಕೇಂದ್ರವೊಂದಕ್ಕೆ ಸೆಕೆಂಡಿಗೆ 32 ಗಿಗಾಬಿಟ್ ಇತ್ತು. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗದ ಮೂರನೆಯ ಓಟದಲ್ಲಿ ಶೋಧಕದಿಂದ ಸೆಕೆಂಡಿಗೆ ಸುಮಾರು 4 ಟೆರಾಬೈಟ್ ಹೊರಬರುತ್ತದೆ. ಅಮೆರಿಕದ ಎಸ್‌ಎಲ್‌ಎಸಿ ಪ್ರಯೋಗಾಲಯದ ಎಲ್‌ಸಿಎಲ್‌ಎಸ್ ಎಕ್ಸ್-ಕಿರಣ ಲೇಸರ್ ಮೊದಲು ಸೆಕೆಂಡಿಗೆ 120 ಮಿಡಿತಗಳನ್ನು ಕೊಡುತ್ತಿತ್ತು. 2023ರಲ್ಲಿ ಮೊದಲ ಕಿರಣ ಕಂಡ ಅದರ ಮುಂದಿನ ರೂಪವನ್ನು ಸೆಕೆಂಡಿಗೆ 10 ಲಕ್ಷ ಮಿಡಿತಗಳವರೆಗೆ ಹೋಗುವಂತೆ ಕಟ್ಟಲಾಗಿದೆ. ಒಂದು ಸರ್ವರ್, ಒಂದು ನೆಟ್‌ವರ್ಕ್ ಕಾರ್ಡ್ ಮತ್ತು ಒಂದು ಪ್ರೋಗ್ರಾಮ್ ಸೇರಿ ನಿಭಾಯಿಸಲಾಗದ ಹಂತದಿಂದ ವೇಗ ಶುರುವಾಗುತ್ತದೆ ಎಂದು ಇಟ್ಟುಕೊಂಡರೆ, ಇಂದು ಅದು ಸರಿಸುಮಾರು ಸೆಕೆಂಡಿಗೆ 10 ಗಿಗಾಬಿಟ್‌ನ ಆಚೀಚೆ ಇದೆ ಎಂಬುದು ನನ್ನ ಅಂದಾಜು.

ಲೆಕ್ಕ ಹಾಕಿದ್ದಕ್ಕಿಂತ ಎಂಟು ಪಟ್ಟು ವ್ಯತ್ಯಾಸ ಬರುತ್ತಿದೆ, ಎಲ್ಲಿ ತಪ್ಪಿದ್ದೇವೆ?

ನೆಟ್‌ವರ್ಕಿನವರು ಬಿಟ್‌ಗಳಲ್ಲಿ, ಡಿಸ್ಕಿನವರು ಬೈಟ್‌ಗಳಲ್ಲಿ ಮಾತಾಡುತ್ತಾರೆ; 8 ಬಿಟ್ ಸೇರಿದರೆ 1 ಬೈಟ್. ಯೋಜನೆಯ ಎಲ್ಲ ಕಡತಗಳಲ್ಲೂ ಸೆಕೆಂಡಿಗೆ ಎಷ್ಟು ಗಿಗಾಬೈಟ್ ಎಂದು ಒಂದೇ ಅಳತೆಯಲ್ಲಿ ಬರೆದಿಟ್ಟುಕೊಳ್ಳಿ.

ಡಿಸ್ಕ್‌ಗಳನ್ನೇ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದರೆ ಬೇಗ ಆಗುವುದಿಲ್ಲವೇ?

ಕೆಲವೊಮ್ಮೆ ಹೌದು, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೇಲೆ ಹೇಳಿದ 2017ರ ವೀಕ್ಷಣೆಯ ದತ್ತಾಂಶ ಡಿಸ್ಕ್ ಪೆಟ್ಟಿಗೆಗಳಲ್ಲೇ ಪ್ರಯಾಣ ಮಾಡಿತು. ಅಲ್ಲಿ ಬಫರ್ ಎಂದರೆ ಆ ಪೆಟ್ಟಿಗೆಗಳೇ. ಸೆಕೆಂಡಿಗೆ 4 ಗಿಗಾಬೈಟ್‌ನಂತೆ 10 ಗಂಟೆ ಬಿಡದೆ ದಾಖಲಿಸಿದರೆ 144 ಟೆರಾಬೈಟ್ ಆಗುತ್ತದೆ, ಎತ್ತರದ ಬೆಟ್ಟದ ತುದಿಯಲ್ಲೋ ಹಿಮದ ನಡುವೆಯೋ ಇರುವ ಕೇಂದ್ರಕ್ಕೆ ಅಷ್ಟನ್ನು ಸಾಗಿಸುವ ಲೈನ್ ಸಿಗುವುದು ದುರ್ಲಭ. ಆದರೆ ಕಾಯುವ ಕಾಲ ಯಾರ ಕೈಯಲ್ಲೂ ಇರುವುದಿಲ್ಲ. ದಕ್ಷಿಣ ಧ್ರುವದ ಕೇಂದ್ರ ಏಪ್ರಿಲ್‌ನಲ್ಲಿ ದಾಖಲಿಸಿದ ಡಿಸ್ಕ್‌ಗಳು ಅಲ್ಲಿನ ಚಳಿಗಾಲ ಮುಗಿದು ವಿಮಾನಗಳು ಹಾರುವವರೆಗೆ ಅಲ್ಲೇ ಕಾದವು, ಸಂಸ್ಕರಣಾ ಕೇಂದ್ರ ತಲುಪಿದ್ದು ಡಿಸೆಂಬರ್‌ನಲ್ಲಿ. ಅಷ್ಟು ದಿನಗಳ ನಂತರ ಸಿಗ್ನಲ್ ಸರಿಯಿರಲಿಲ್ಲ ಎಂದು ಗೊತ್ತಾದರೆ ಮಾಡುವುದು ಏನೂ ಉಳಿದಿರುವುದಿಲ್ಲ. ಪೆಟ್ಟಿಗೆಯನ್ನೇ ನೆಚ್ಚಿಕೊಂಡವರೂ ಕೆಲವು ಸೆಕೆಂಡುಗಳ ತುಣುಕನ್ನು ಲೈನಿನ ಮೂಲಕ ಮೊದಲೇ ಕಳಿಸಿ ಪರೀಕ್ಷಿಸಿಕೊಳ್ಳುವುದು ಈ ಕಾರಣಕ್ಕೆ.

## ಗಾತ್ರ ಮತ್ತು ಜಾಗ

ಬಫರ್ ಎಷ್ಟು ದೊಡ್ಡದಿರಬೇಕು ಅಂತ ಲೆಕ್ಕ ಹಾಕುವುದು ಹೇಗೆ?

ಒಳಬರುವ ವೇಗದಿಂದ ಹೊರಹೋಗುವ ವೇಗವನ್ನು ಕಳೆದು, ಉಳಿದದ್ದನ್ನು ಆ ಪರಿಸ್ಥಿತಿ ಎಷ್ಟು ಹೊತ್ತು ಇರುತ್ತದೆ ಎಂಬ ಸೆಕೆಂಡುಗಳಿಂದ ಗುಣಿಸಬೇಕು. ಗಣಿತ ಇಷ್ಟೇ, ಕಷ್ಟವಿರುವುದು ಯಾವ ಪರಿಸ್ಥಿತಿಗೆ ಲೆಕ್ಕ ಹಾಕಬೇಕು ಎಂಬ ತೀರ್ಮಾನದಲ್ಲಿ.

ಉಪಕರಣ ಸೆಕೆಂಡಿಗೆ 5 ಗಿಗಾಬೈಟ್‌ನಂತೆ ದಿನಕ್ಕೆ 10 ಗಂಟೆ ಓಡುತ್ತದೆ ಮತ್ತು ಹೊರಗಿನ ಲೈನ್ 25 ಗಿಗಾಬಿಟ್, ಅಂದರೆ ಸೆಕೆಂಡಿಗೆ 3.125 ಗಿಗಾಬೈಟ್ ಎಂದು ಇಟ್ಟುಕೊಳ್ಳೋಣ. ಓಡುವಾಗ ಪ್ರತಿ ಸೆಕೆಂಡಿಗೆ 1.875 ಗಿಗಾಬೈಟ್ ಹಿಂದೆ ಉಳಿಯುತ್ತದೆ. 10 ಗಂಟೆಗೆ ಅದು 67.5 ಟೆರಾಬೈಟ್ ಆಗುತ್ತದೆ. ಉಪಕರಣ ನಿಂತ ಮೇಲೆ ಅಷ್ಟನ್ನು ಖಾಲಿ ಮಾಡಲು 6 ಗಂಟೆ ಸಾಕು. ಒಟ್ಟು 16 ಗಂಟೆಯಲ್ಲಿ ದಿನದ ಕೆಲಸ ಮುಗಿದು 8 ಗಂಟೆ ಬಿಡುವು ಸಿಗುವುದರಿಂದ ವ್ಯವಸ್ಥೆ ಆರೋಗ್ಯವಾಗಿದೆ ಎನ್ನಬಹುದು. ಲೈನ್ ಪೂರ್ತಿ 25 ಗಿಗಾಬಿಟ್ ಕೊಡುವುದಿಲ್ಲ ಎಂಬುದನ್ನು ಸೇರಿಸಿಕೊಂಡರೆ ಬಿಡುವು ಇನ್ನೂ ಸ್ವಲ್ಪ ಕಡಿಮೆಯಾಗುತ್ತದೆ. ಇದೇ ಉಪಕರಣವನ್ನು ದಿನಕ್ಕೆ 15 ಗಂಟೆ ಓಡಿಸಲು ಯಾರಾದರೂ ನಿರ್ಧರಿಸಿದರೆ ದಿನದ ಉತ್ಪತ್ತಿ 270 ಟೆರಾಬೈಟ್ ಆಗಿ, ಲೈನಿನ ದಿನದ ಸಾಮರ್ಥ್ಯಕ್ಕೆ ಸರಿಸಮನಾಗುತ್ತದೆ. ಅಲ್ಲಿಂದಾಚೆಗೆ ಡಿಸ್ಕ್ ಸೇರಿಸುತ್ತಾ ಹೋಗುವುದು ವ್ಯರ್ಥ, ಲೈನನ್ನೇ ದೊಡ್ಡದು ಮಾಡಬೇಕು ಅಥವಾ ದತ್ತಾಂಶವನ್ನೇ ಕಡಿಮೆ ಮಾಡಬೇಕು.

ಲೈನ್ ಒಂದು ದಿನ ಪೂರ್ತಿ ಬಿದ್ದುಹೋದರೆ? ಒಂದು ದಿನದ ಡೇಟಾಗೆ ಜಾಗ ಇಟ್ಟರೆ ಸಾಕಲ್ಲವೇ?

ಸಾಲದು. ಗಾತ್ರದ ಲೆಕ್ಕದಲ್ಲಿ ಜನ ಹೆಚ್ಚಾಗಿ ಎಡವುವುದು ಇಲ್ಲೇ. ಮೇಲಿನ ಉದಾಹರಣೆಯಲ್ಲಿ ಲೈನ್ 24 ಗಂಟೆ ಸತ್ತಿದ್ದರೆ ಮರುದಿನ ಬೆಳಿಗ್ಗೆ 180 ಟೆರಾಬೈಟ್ ಬಾಕಿ ಇರುತ್ತದೆ. ಆದರೆ ಲೈನ್ ಬಂದ ಆ ಬೆಳಿಗ್ಗೆ ಉಪಕರಣವೂ ಶುರುವಾಗುತ್ತದೆ. ಸಂಜೆಯ ಹೊತ್ತಿಗೆ ಬಾಕಿ ಕರಗುವ ಬದಲು 247.5 ಟೆರಾಬೈಟ್‌ಗೆ ಏರುತ್ತದೆ. ಆ ರಾತ್ರಿಯ 14 ಗಂಟೆಗಳಲ್ಲಿ 157.5 ಟೆರಾಬೈಟ್ ಹೊರಹೋಗಿ 90 ಟೆರಾಬೈಟ್ ಉಳಿಯುತ್ತದೆ. ಪೂರ್ತಿ ಖಾಲಿಯಾಗಲು ಇನ್ನೂ ಒಂದು ದಿನ ಬೇಕು. ಒಂದು ದಿನದ ಅವಘಡಕ್ಕೆ ಎರಡು ದಿನದ ಚೇತರಿಕೆ. ಆ ಎರಡು ದಿನಗಳ ಒಳಗೆ ಲೈನ್ ಮತ್ತೊಮ್ಮೆ ಬಿದ್ದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು.

ಹಾಗಾಗಿ ಗಾತ್ರವನ್ನು ನಿಗದಿಪಡಿಸುವಾಗ ಕಡಿತದ ಅವಧಿಯ ಜೊತೆಗೆ ಚೇತರಿಕೆಯ ಅವಧಿಯನ್ನೂ ಬರೆದು ತೋರಿಸಬೇಕು. ಬಾಕಿ ತೀರಿಸುವಾಗ ಡಿಸ್ಕ್‌ಗಳು ಸೆಕೆಂಡಿಗೆ 5 ಗಿಗಾಬೈಟ್ ಬರೆಯುತ್ತಲೇ 3.125 ಗಿಗಾಬೈಟ್ ಓದಬೇಕು ಎಂಬುದನ್ನೂ ಮರೆಯಬಾರದು. ಬರೆಯುವ ವೇಗವನ್ನಷ್ಟೇ ಅಳೆದು ಖರೀದಿಸಿದ ಡಿಸ್ಕ್ ಸಮೂಹ ಚೇತರಿಕೆಯ ಮೊದಲ ಗಂಟೆಯಲ್ಲೇ ಕೈಕೊಡುತ್ತದೆ.

ರ‍್ಯಾಮ್, ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ — ಯಾವುದರಲ್ಲಿ ಇಡಬೇಕು?

ಮೂರರಲ್ಲೂ, ಏಕೆಂದರೆ ಒಂದೊಂದು ತಾಳುವ ಕಾಲ ಒಂದೊಂದು. ಉಪಕರಣದ ಎಫ್‌ಪಿಜಿಎ ಎಂಬ ಹೊಂದಿಸಿಕೊಳ್ಳಬಲ್ಲ ಚಿಪ್‌ನಲ್ಲಿರುವ ಸಣ್ಣ ಮೆಮೊರಿ ಮೈಕ್ರೊಸೆಕೆಂಡುಗಳಿಗೆ, ಸರ್ವರ್‌ನ ರ‍್ಯಾಮ್ ಸೆಕೆಂಡುಗಳಿಂದ ಒಂದೆರಡು ನಿಮಿಷಗಳಿಗೆ, ಎಸ್‌ಎಸ್‌ಡಿ ಗಂಟೆಗಳಿಗೆ, ಹಾರ್ಡ್ ಡಿಸ್ಕ್ ದಿನಗಳಿಗೆ. ಪ್ರತಿ ಹಂತವೂ ಮುಂದಿನ ಹಂತದ ಅತಿ ಕೆಟ್ಟ ತಡೆಯನ್ನು ತಾಳುವಷ್ಟು ಇರಬೇಕು. ಡಿಸ್ಕ್ ಸಮೂಹ ಕೆಲವೊಮ್ಮೆ 8 ಸೆಕೆಂಡ್ ಸ್ತಬ್ಧವಾಗುತ್ತದೆ ಎಂದು ಅಳತೆಯಲ್ಲಿ ಕಂಡರೆ, ಸೆಕೆಂಡಿಗೆ 5 ಗಿಗಾಬೈಟ್‌ನ ಹರಿವಿಗೆ ಅದಕ್ಕಿಂತ ಹಿಂದಿನ ಹಂತದ ರ‍್ಯಾಮ್ ಬಫರ್ 40 ಗಿಗಾಬೈಟ್‌ಗಿಂತ ಕಡಿಮೆ ಇರುವಂತಿಲ್ಲ.

ಮೊದಲ ಹತ್ತು ನಿಮಿಷ ಚೆನ್ನಾಗಿ ಬರೆಯುತ್ತದೆ, ಆಮೇಲೆ ಡಿಸ್ಕ್ ನಿಧಾನವಾಗುತ್ತದೆ. ಯಾಕೆ?

ಮೂರು ಸಾಮಾನ್ಯ ಕಾರಣಗಳಿವೆ. ಅಗ್ಗದ ಎಸ್‌ಎಸ್‌ಡಿಗಳು ತಮ್ಮ ಒಂದು ಭಾಗವನ್ನು ಕೋಶಕ್ಕೆ ಒಂದೇ ಬಿಟ್‌ನಂತೆ ವೇಗದ ಕ್ಯಾಶ್ ಆಗಿ ಬಳಸುತ್ತವೆ. ಅದು ತುಂಬಿದೊಡನೆ ನಿಜವಾದ ವೇಗ ಹೊರಬೀಳುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಹೊರವಲಯದ ಪಥಗಳಿಗಿಂತ ಒಳವಲಯದ ಪಥಗಳ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಖಾಲಿ ಡಿಸ್ಕ್‌ನ ಅಳತೆ ತುಂಬಿದ ಡಿಸ್ಕ್‌ಗೆ ಅನ್ವಯಿಸುವುದಿಲ್ಲ. ಮೂರನೆಯದು ಲಿನಕ್ಸ್‌ನ ಪೇಜ್ ಕ್ಯಾಶ್: ಇನ್ನೂ ಡಿಸ್ಕಿಗೆ ಇಳಿಯದ ಪುಟಗಳು ಲಭ್ಯ ಮೆಮೊರಿಯ ಶೇ. 20 ದಾಟಿದರೆ, ಪೂರ್ವನಿಯೋಜಿತ ವ್ಯವಸ್ಥೆಯಲ್ಲಿ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್, ಬರೆಯುವ ಪ್ರೋಗ್ರಾಮನ್ನೇ ತಡೆದು ನಿಲ್ಲಿಸುತ್ತದೆ. ನಿರಂತರ ಹರಿವಿಗೆ ಪೇಜ್ ಕ್ಯಾಶನ್ನು ಬದಿಗಿಟ್ಟು ದೊಡ್ಡ ತುಂಡುಗಳಲ್ಲಿ ನೇರವಾಗಿ ಡಿಸ್ಕಿಗೆ ಬರೆಯುವುದೇ ಮೇಲು.

ಹಲವು ಡಿಸ್ಕ್‌ಗಳಿರುವಾಗ ಅತಿ ನಿಧಾನದ ಡಿಸ್ಕ್ ಎಲ್ಲರನ್ನೂ ಎಳೆಯದಂತೆ ನೋಡಿಕೊಳ್ಳುವುದಕ್ಕೆ ರೇಡಿಯೊ ಖಗೋಳಶಾಸ್ತ್ರದ ಮಾರ್ಕ್ 6 ರೆಕಾರ್ಡರ್ ಒಂದು ಸೊಗಸಾದ ದಾರಿ ಹಿಡಿದಿದೆ. ಅದು ದತ್ತಾಂಶದ ತುಂಡುಗಳನ್ನು ಕಟ್ಟುನಿಟ್ಟಿನ ಸರದಿಯಲ್ಲಿ ಹಂಚದೆ, ಯಾವ ಡಿಸ್ಕ್ ಸಿದ್ಧವಿದೆಯೋ ಅದಕ್ಕೆ ಕೊಡುತ್ತದೆ. ಓದುವಾಗ ಕ್ರಮ ಸರಿಪಡಿಸಿಕೊಳ್ಳುತ್ತದೆ. ಓದುವ ಕೆಲಸ ತುಸು ಜಟಿಲವಾದರೂ ಬರೆಯುವ ಕೆಲಸ ನಿಲ್ಲುವುದಿಲ್ಲ.

## ಸ್ವೀಕರಿಸುವ ಸರ್ವರ್

ಸಿಪಿಯು 20 ಪರ್ಸೆಂಟ್ ಕೂಡ ಬಳಕೆಯಾಗುತ್ತಿಲ್ಲ, ಆದರೂ ಪ್ಯಾಕೆಟ್ ಡ್ರಾಪ್ ಆಗುತ್ತಿವೆ. ಏನು ಮಾಡಬೇಕು?

ಸಿಪಿಯು ಬಳಕೆಯ ಸರಾಸರಿ ಇಲ್ಲಿ ಏನನ್ನೂ ಹೇಳುವುದಿಲ್ಲ. ಪ್ಯಾಕೆಟ್‌ಗಳು ಬೀಳುವುದು ಮಿಲಿಸೆಕೆಂಡಿಗಿಂತ ಸಣ್ಣ ಕಾಲಮಾನದಲ್ಲಿ. ಲಿನಕ್ಸ್‌ನಲ್ಲಿ ಸಾಕೆಟ್ (ಪ್ರೋಗ್ರಾಮ್ ನೆಟ್‌ವರ್ಕ್‌ಗೆ ತೆರೆದ ಬಾಗಿಲು) ಒಂದರ ಸ್ವೀಕೃತಿ ಬಫರ್ ಬಹಳಷ್ಟು ಕಡೆ ಮೊದಲಿಗೆ 212,992 ಬೈಟ್ ಇರುತ್ತದೆ. ಸೆಕೆಂಡಿಗೆ 10 ಗಿಗಾಬಿಟ್ ಬರುವಾಗ ಅದು ತುಂಬಲು ಬೇಕಾದದ್ದು ಸುಮಾರು 170 ಮೈಕ್ರೊಸೆಕೆಂಡ್. ನಿಮ್ಮ ಪ್ರೋಗ್ರಾಮ್ ಅಷ್ಟು ಹೊತ್ತು ಕಣ್ಣು ಮಿಟುಕಿಸಿದರೂ ಮತ್ತೆ ಕಳಿಸುವ ವ್ಯವಸ್ಥೆಯಿಲ್ಲದ ಯುಡಿಪಿ ವಿಧಾನದ ಪ್ಯಾಕೆಟ್‌ಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. 100 ಮಿಲಿಸೆಕೆಂಡ್ ತಾಳಬೇಕಾದರೆ 125 ಮೆಗಾಬೈಟ್ ಬೇಕು; ಕರ್ನಲ್ ತನ್ನ ಆಂತರಿಕ ಖರ್ಚನ್ನೂ ಇದೇ ಲೆಕ್ಕದಲ್ಲಿ ಹಿಡಿಯುವುದರಿಂದ ಇನ್ನೂ ಧಾರಾಳವಾಗಿ ಇಡುವುದು ಒಳ್ಳೆಯದು.

ಅದಕ್ಕಿಂತ ಮೊದಲು ಪ್ಯಾಕೆಟ್ ಎಲ್ಲಿ ಬೀಳುತ್ತಿದೆ ಎಂದು ಕಂಡುಕೊಳ್ಳಿ. ನೆಟ್‌ವರ್ಕ್ ಕಾರ್ಡ್ ತನ್ನದೇ ಎಣಿಕೆ ಇಡುತ್ತದೆ, ಕರ್ನಲ್ ಸಾಕೆಟ್‌ಗೆ ಬೇರೆ ಎಣಿಕೆ ಇಡುತ್ತದೆ, ಪ್ಯಾಕೆಟ್‌ನ ಅನುಕ್ರಮ ಸಂಖ್ಯೆಯನ್ನು ನೋಡಿ ನಿಮ್ಮ ಪ್ರೋಗ್ರಾಮ್ ಮೂರನೆಯ ಎಣಿಕೆ ಇಡಬೇಕು. ಕಾರ್ಡ್‌ನ ಎಣಿಕೆ ಏರುತ್ತಿದ್ದರೆ ಬರುವ ಪ್ಯಾಕೆಟ್‌ಗಳಿಗೆ ಜಾಗ ಕಾದಿರಿಸುವ ಅದರ ಡಿಸ್ಕ್ರಿಪ್ಟರ್ ಸಾಲು ಚಿಕ್ಕದಾಗಿದೆ: 8 ಕಿಲೋಬೈಟ್‌ನ ಪ್ಯಾಕೆಟ್‌ಗಳು 6.6 ಮೈಕ್ರೊಸೆಕೆಂಡಿಗೊಂದು ಬರುವಾಗ 512 ಡಿಸ್ಕ್ರಿಪ್ಟರ್‌ಗಳು ತಾಳುವುದು ಸುಮಾರು 3.4 ಮಿಲಿಸೆಕೆಂಡ್ ಮಾತ್ರ. ಸಾಕೆಟ್‌ನ ಎಣಿಕೆ ಏರುತ್ತಿದ್ದರೆ ದೋಷ ಪ್ರೋಗ್ರಾಮಿನ ಕಡೆಗಿದೆ. ಎರಡೂ ಸೊನ್ನೆಯಿದ್ದು ಅನುಕ್ರಮದಲ್ಲಿ ಮಾತ್ರ ಅಂತರ ಕಂಡರೆ ಸ್ವಿಚ್ ಅಥವಾ ಉಪಕರಣವನ್ನು ಅನುಮಾನಿಸಿ.

ಉಳಿದ ಪರಿಹಾರಗಳು ಬಹುತೇಕ ಎಲ್ಲರಿಗೂ ಒಂದೇ. 1,500 ಬೈಟ್‌ನ ಚೌಕಟ್ಟಿನಲ್ಲಿ 10 ಗಿಗಾಬಿಟ್ ಎಂದರೆ ಸೆಕೆಂಡಿಗೆ 8 ಲಕ್ಷಕ್ಕೂ ಹೆಚ್ಚು ಪ್ಯಾಕೆಟ್; 9,000 ಬೈಟ್‌ನ ಜಂಬೊ ಚೌಕಟ್ಟಿಗೆ ಹೋದರೆ ಅದು ಸುಮಾರು 1.4 ಲಕ್ಷಕ್ಕೆ ಇಳಿಯುತ್ತದೆ. ಸ್ವೀಕರಿಸುವ ಎಳೆಯನ್ನು (ಥ್ರೆಡ್) ಒಂದು ಕೋರ್‌ಗೆ ಕಟ್ಟಿಹಾಕಿ, ಮತ್ತು ಆ ಕೋರ್ ನೆಟ್‌ವರ್ಕ್ ಕಾರ್ಡ್ ಜೋಡಿಸಿರುವ ಪ್ರೊಸೆಸರ್‌ನಲ್ಲೇ ಇರುವಂತೆ ನೋಡಿಕೊಳ್ಳಿ. ಎರಡು ಪ್ರೊಸೆಸರ್‌ಗಳ ಸರ್ವರ್‌ನಲ್ಲಿ ದತ್ತಾಂಶ ಸುಮ್ಮನೆ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುವುದು ಬಹಳ ದುಬಾರಿ. ಇದಾದ ಮೇಲೂ ಸಾಲದಿದ್ದರೆ ಮಾತ್ರ ಕರ್ನಲ್ಲನ್ನು ಬದಿಗಿಡುವ ಡಿಪಿಡಿಕೆ ಅಥವಾ ಆರ್‌ಡಿಎಂಎ ಕಡೆಗೆ ಹೋಗಿ, ಏಕೆಂದರೆ ಅವುಗಳನ್ನು ಮುಂದೆ ನೋಡಿಕೊಳ್ಳುವವರು ಸಿಗುವುದು ಸುಲಭವಲ್ಲ.

ರಿಂಗ್ ಬಫರ್ ಅಂತಾರಲ್ಲ, ಅದಕ್ಕೂ ಸಾಮಾನ್ಯ ಕ್ಯೂಗೂ ಏನು ವ್ಯತ್ಯಾಸ?

ರಿಂಗ್ ಬಫರ್‌ನಲ್ಲಿ ಮೆಮೊರಿಯನ್ನು ಆರಂಭದಲ್ಲೇ ಒಮ್ಮೆ ಪಡೆದು ಸಮಾನ ಗಾತ್ರದ ಖಾನೆಗಳಾಗಿ ವಿಂಗಡಿಸಲಾಗುತ್ತದೆ. ಬರೆಯುವವನು ಕೊನೆಯ ಖಾನೆ ಮುಟ್ಟಿದೊಡನೆ ಮತ್ತೆ ಮೊದಲ ಖಾನೆಗೆ ಮರಳುತ್ತಾನೆ. ಓಡುವಾಗ ಹೊಸದಾಗಿ ಮೆಮೊರಿ ಕೇಳುವ ಪ್ರಮೇಯವೇ ಇಲ್ಲದ್ದರಿಂದ ಅನಿರೀಕ್ಷಿತ ತಡೆಗಳು ಇಲ್ಲವಾಗುತ್ತವೆ. ರೇಡಿಯೊ ಖಗೋಳದವರು ಬಹುಕಾಲದಿಂದ ಬಳಸುತ್ತಿರುವ ಪಿಎಸ್‌ಆರ್‌ದಾದಾ ತಂತ್ರಾಂಶ ಈ ಉಂಗುರವನ್ನು ಹಂಚಿಕೆಯ ಮೆಮೊರಿಯಲ್ಲಿ ಇಡುತ್ತದೆ. ಸ್ವೀಕರಿಸುವ ಪ್ರೋಗ್ರಾಮ್ ಮತ್ತು ಸಂಸ್ಕರಿಸುವ ಪ್ರೋಗ್ರಾಮ್ ಬೇರೆ ಬೇರೆಯಾಗಿದ್ದು, ಒಂದು ಕುಸಿದರೂ ಇನ್ನೊಂದು ಉಳಿಯುತ್ತದೆ. ಓದುಗರು ಹಲವರಿದ್ದರೆ ಎಲ್ಲರಿಗಿಂತ ಹಿಂದೆ ಇರುವವನೇ ಉಂಗುರದ ವೇಗವನ್ನು ನಿರ್ಧರಿಸುತ್ತಾನೆ ಎಂಬುದು ನೆನಪಿರಲಿ. ಪರದೆಯ ಮೇಲೆ ನಕ್ಷೆ ತೋರಿಸುವ ಪ್ರೋಗ್ರಾಮ್‌ಗೆ ಆ ಅಧಿಕಾರ ಕೊಡಬೇಡಿ. ಅದು ಸಿಕ್ಕಷ್ಟು ನೋಡಿಕೊಂಡು ತಪ್ಪಿದ್ದನ್ನು ಬಿಟ್ಟು ಮುಂದೆ ಹೋಗಲಿ.

ಬಫರ್ ತುಂಬಿಯೇ ಹೋದರೆ ಯಾವುದನ್ನು ಬಿಸಾಡಬೇಕು, ಹಳೆಯದನ್ನೋ ಹೊಸದನ್ನೋ?

ಕೆರೆ ಕಟ್ಟುವವರು ತೂಬಿನ ಜೊತೆಗೆ ಕೋಡಿಯನ್ನೂ ಮೊದಲೇ ಗುರುತಿಸಿಡುತ್ತಾರೆ, ಇಲ್ಲವಾದರೆ ನೀರು ತನಗೆ ಬೇಕಾದ ಕಡೆ ಏರಿಯನ್ನು ಒಡೆದುಕೊಳ್ಳುತ್ತದೆ. ಬಫರ್ ತುಂಬಿದಾಗಿನ ನಡೆಯನ್ನೂ ಹಾಗೆಯೇ ವಿನ್ಯಾಸದ ಹಂತದಲ್ಲಿ ಬರೆದಿಡಬೇಕು, ಮತ್ತು ಅದು ವಿಜ್ಞಾನದ ಪ್ರಶ್ನೆಯೇ ಹೊರತು ತಂತ್ರಾಂಶದವರು ಒಬ್ಬರೇ ತೀರ್ಮಾನಿಸುವಂಥದ್ದಲ್ಲ.

ರೇಡಿಯೊ ದೂರದರ್ಶಕದ ನಿರಂತರ ಸಿಗ್ನಲ್‌ನಲ್ಲಿ ಅಲ್ಲಲ್ಲಿ ತುಂಡುಗಳು ಹೋದರೆ ಸೂಕ್ಷ್ಮತೆ ತುಸು ಕುಗ್ಗುತ್ತದೆ, ಅಷ್ಟೆ. ಹೋದದ್ದು ಯಾವ ಕ್ಷಣದ ತುಂಡು ಎಂದು ಗೊತ್ತಿದ್ದರೆ ಸಾಕು. ಕಣ ಶೋಧಕದಲ್ಲಿ ಹಾಗಲ್ಲ. ಒಂದು ಘಟನೆಯ ಚೂರುಗಳು ನೂರಾರು ತಂತಿಗಳಲ್ಲಿ ಬರುತ್ತವೆ, ಒಂದು ಚೂರು ಹೋದರೆ ಉಳಿದವುಗಳಿಗೆ ಬೆಲೆಯಿಲ್ಲ. ಅಲ್ಲಿ ಬಿಡುವುದಾದರೆ ಇಡೀ ಘಟನೆಯನ್ನು ಎಲ್ಲ ತಂತಿಗಳಿಂದಲೂ ಒಟ್ಟಿಗೆ ಬಿಡಬೇಕು, ಇಲ್ಲವಾದರೆ ಬಫರ್ ತುಂಬ ಅರೆಬರೆ ಘಟನೆಗಳೇ ಉಳಿಯುತ್ತವೆ.

ಈಥರ್‌ನೆಟ್‌ನ ತಡೆ ಸಂಕೇತವನ್ನು ಚಾಲೂ ಮಾಡಿ ಉಪಕರಣವನ್ನೇ ನಿಲ್ಲಿಸಿದರಾಯಿತು ಎಂಬ ಸಲಹೆ ಆಗಾಗ ಬರುತ್ತದೆ. ನಿಲ್ಲಿಸಿದರೆ ನಿಲ್ಲುವ ಉಪಕರಣವಾದರೆ ಸರಿ. ಆಕಾಶ ನಿಲ್ಲುವುದಿಲ್ಲ, ಆಗ ಪ್ಯಾಕೆಟ್‌ಗಳು ಎಣಿಕೆಯಿರುವ ಸರ್ವರ್‌ನ ಬದಲು ಎಣಿಕೆಯಿಲ್ಲದ ಎಫ್‌ಪಿಜಿಎಯೊಳಗೆ ಬೀಳುತ್ತವೆ, ಮತ್ತು ಸರ್ವರ್‌ನ ಅಂಕಿಗಳು ಎಲ್ಲವೂ ಚೆನ್ನಾಗಿದೆ ಎಂದು ಹೇಳುತ್ತಿರುತ್ತವೆ.

ಯುಡಿಪಿ ಬಳಸಬೇಕಾ, ಟಿಸಿಪಿ ಬಳಸಬೇಕಾ?

ಉಪಕರಣದಿಂದ ಮೊದಲ ಸರ್ವರ್‌ವರೆಗೆ ಯುಡಿಪಿ, ಅಲ್ಲಿಂದಾಚೆಗೆ ತಲುಪದ್ದನ್ನು ಮತ್ತೆ ಕಳಿಸುವ ಟಿಸಿಪಿ ಅಥವಾ ಅಂಥದೇ ಸಾಮರ್ಥ್ಯವುಳ್ಳ ಬೇರೆ ವಿಧಾನ. ಕಳೆದ ಪ್ಯಾಕೆಟನ್ನು ಮತ್ತೆ ಕಳಿಸಬೇಕಾದರೆ ಆಚೆಯಿಂದ ಉತ್ತರ ಬರುವವರೆಗೆ ಅದನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು. ಹೋಗಿಬರಲು 100 ಮಿಲಿಸೆಕೆಂಡ್ ಹಿಡಿಯುವ ದಾರಿಯಲ್ಲಿ ಸೆಕೆಂಡಿಗೆ 5 ಗಿಗಾಬೈಟ್ ಹರಿಯುತ್ತಿದ್ದರೆ ಅದು 500 ಮೆಗಾಬೈಟ್ ಆಗುತ್ತದೆ. ಉಪಕರಣದ ಚಿಪ್‌ನಲ್ಲಿ ಅಷ್ಟು ಜಾಗ ಇರುವುದು ಅಪರೂಪ, ಸರ್ವರ್‌ನಲ್ಲಿ ಅದು ಯಾವ ಲೆಕ್ಕಕ್ಕೂ ಇಲ್ಲ.

## ದೂರದ ದಾರಿ

ಲೈನ್ 10 ಗಿಗಾಬಿಟ್ ಇದೆ, ಆದರೆ ಸಿಗುತ್ತಿರುವುದು ಹತ್ತಿಪ್ಪತ್ತು ಮೆಗಾಬಿಟ್. ಸರ್ವೀಸ್ ಕೊಡುವವರು ತಮ್ಮ ಕಡೆ ಏನೂ ತೊಂದರೆ ಇಲ್ಲ ಅನ್ನುತ್ತಾರೆ.

ಅವರು ಹೇಳುವುದು ಅವರ ಮಟ್ಟಿಗೆ ನಿಜವಿರಬಹುದು. ಬೆಳಕು ಆಪ್ಟಿಕಲ್ ಫೈಬರ್‌ನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. 10,000 ಕಿಲೋಮೀಟರ್ ದಾರಿಯಲ್ಲಿ ಹೋಗಿಬರಲು 100 ಮಿಲಿಸೆಕೆಂಡ್ ಬೇಕೇಬೇಕು. 10 ಗಿಗಾಬಿಟ್‌ನ ಲೈನ್ ತುಂಬಿರಬೇಕಾದರೆ ಯಾವುದೇ ಕ್ಷಣದಲ್ಲಿ 125 ಮೆಗಾಬೈಟ್ ದಾರಿಯಲ್ಲಿರಬೇಕು. ಟಿಸಿಪಿಯ ಮೂಲ ವಿಂಡೊ, ಅಂದರೆ ಉತ್ತರಕ್ಕೆ ಕಾಯದೆ ಕಳಿಸಬಹುದಾದ ಮೊತ್ತ, 65,535 ಬೈಟ್. ಅದನ್ನು ಹಿಗ್ಗಿಸುವ ವಿಧಾನ 1992ರಲ್ಲೇ ಬಂದಿದ್ದರೂ ಎರಡೂ ತುದಿಯ ಬಫರ್ ಮಿತಿಗಳನ್ನು ಏರಿಸದಿದ್ದರೆ ಪ್ರಯೋಜನವಿಲ್ಲ. ಹಿಗ್ಗಿಸದ ವಿಂಡೊದಲ್ಲಿ ಈ ದೂರಕ್ಕೆ ಸಿಗುವುದು ಸುಮಾರು 5 ಮೆಗಾಬಿಟ್.

ವಿಂಡೊ ಸರಿಯಿದ್ದರೂ ನಷ್ಟ ಉಳಿಯುತ್ತದೆ. ಟಿಸಿಪಿಯ ಹಳೆಯ ರೀನೊ ವಿಧಾನದಲ್ಲಿ ವೇಗವು ದೂರಕ್ಕೆ ಮತ್ತು ನಷ್ಟದ ವರ್ಗಮೂಲಕ್ಕೆ ವಿಲೋಮವಾಗಿ ಕುಸಿಯುತ್ತದೆ: 100 ಮಿಲಿಸೆಕೆಂಡ್ ದಾರಿಯಲ್ಲಿ 10,000ಕ್ಕೆ ಒಂದು ಪ್ಯಾಕೆಟ್ ಹೋದರೂ ಸಾಮಾನ್ಯ ಚೌಕಟ್ಟಿನಲ್ಲಿ ಒಂದು ಸಂಪರ್ಕಕ್ಕೆ ಸಿಗುವುದು ಸುಮಾರು 14 ಮೆಗಾಬಿಟ್. ಅದೇ ನಷ್ಟ ಒಂದು ಕಟ್ಟಡದೊಳಗಿನ 1 ಮಿಲಿಸೆಕೆಂಡ್ ದಾರಿಯಲ್ಲಿದ್ದರೆ ಗಿಗಾಬಿಟ್‌ಗೂ ಮಿಕ್ಕಿ ಸಿಗುತ್ತಿತ್ತು, ಆದ್ದರಿಂದ ಹತ್ತಿರದಿಂದ ಪರೀಕ್ಷಿಸಿದವರಿಗೆ ದೋಷ ಕಾಣುವುದೇ ಇಲ್ಲ. ಇಂದಿನ ಕ್ಯೂಬಿಕ್ ಇದಕ್ಕಿಂತ ಮೇಲು. 2016ರಲ್ಲಿ ಗೂಗಲ್ ಪ್ರಕಟಿಸಿದ ಬಿಬಿಆರ್ ಸಣ್ಣ ನಷ್ಟಗಳಿಗೆ ಹೆಚ್ಚು ಹೆದರುವುದಿಲ್ಲ. ಹಲವು ಸಂಪರ್ಕಗಳನ್ನು ಸಮಾನಾಂತರವಾಗಿ ತೆರೆಯುವುದೂ ಪರಿಹಾರವೇ. ಆದರೂ ನಷ್ಟದ ಮೂಲ ಹುಡುಕುವುದನ್ನು ಬಿಡಬೇಡಿ. ಸಾವಿರಾರು ಸಣ್ಣ ಸಂಪರ್ಕಗಳಿಗೆಂದು ವಿನ್ಯಾಸಗೊಂಡ ಫೈರ್‌ವಾಲ್‌ನ ಪುಟ್ಟ ಬಫರ್, ಒಂದೇ ದೊಡ್ಡ ಹರಿವಿನ ಏರಿಳಿತವನ್ನು ತಾಳದೆ ಪ್ಯಾಕೆಟ್ ಬೀಳಿಸುವುದು ಬಹಳ ಸಾಮಾನ್ಯ. ಅಮೆರಿಕದ ಸಂಶೋಧನಾ ಜಾಲವಾದ ಇಎಸ್‌ನೆಟ್ ರೂಪಿಸಿದ ಸೈನ್ಸ್ ಡಿಎಂಜೆಡ್ ಎಂಬ ವಿನ್ಯಾಸ ವೈಜ್ಞಾನಿಕ ಹರಿವಿಗೆ ಪ್ರತ್ಯೇಕ ದಾರಿ ಕೊಡುವುದು ಇದಕ್ಕಾಗಿಯೇ.

ಕಳಿಸುವ ಮುಂಚೆ ಕಂಪ್ರೆಸ್ ಮಾಡಿದರೆ ಬಫರ್ ಚಿಕ್ಕದಾಗುತ್ತದಲ್ಲ?

ದತ್ತಾಂಶದ ಸ್ವಭಾವದ ಮೇಲೆ ನಿಂತಿದೆ. ಹೆಚ್ಚಿನ ಪಿಕ್ಸೆಲ್‌ಗಳು ಸೊನ್ನೆಯಾಗಿರುವ ಎಕ್ಸ್-ಕಿರಣ ಚಿತ್ರಗಳು ಚೆನ್ನಾಗಿ ಕುಗ್ಗುತ್ತವೆ. ಬಿಟ್‌ಗಳನ್ನು ಮರುಜೋಡಿಸಿ ಎಲ್‌ಜೆಡ್4 ಎಂಬ ಕುಗ್ಗಿಸುವ ತಂತ್ರಾಂಶಕ್ಕೆ ಕೊಡುವ ಬಿಟ್‌ಷಫಲ್‌ನಂಥ ವಿಧಾನ ಇಲ್ಲಿ ವೇಗವಾಗಿಯೂ ಇರುತ್ತದೆ. ರೇಡಿಯೊ ಸಿಗ್ನಲ್ ಮಾತ್ರ ಬಹುಪಾಲು ಶುದ್ಧ ಗದ್ದಲ, ನಷ್ಟವಿಲ್ಲದೆ ಅದನ್ನು ಕುಗ್ಗಿಸಲು ಹೋದರೆ ಸಿಪಿಯು ಬಿಸಿಯಾಗುವುದಷ್ಟೇ ಲಾಭ. ಅಲ್ಲಿನವರು ಮಾದರಿಗೆ 2 ಬಿಟ್ ಮಾತ್ರ ಇಟ್ಟುಕೊಳ್ಳುತ್ತಾರೆ. ಹಾಗೆ ಮಾಡಿದರೂ ಸಿಗ್ನಲ್-ಗದ್ದಲ ಅನುಪಾತದ ಸುಮಾರು ಶೇ. 88 ಉಳಿಯುತ್ತದೆ. ಒಂದು ಎಚ್ಚರಿಕೆ: ಕುಗ್ಗುವ ಪ್ರಮಾಣ ದತ್ತಾಂಶದೊಂದಿಗೆ ಬದಲಾಗುತ್ತದೆ, ಮತ್ತು ಅತ್ಯಂತ ಕುತೂಹಲಕರ ಘಟನೆಗಳೇ ಅತಿ ಕಡಿಮೆ ಕುಗ್ಗುತ್ತವೆ. ಬಫರ್‌ನ ಗಾತ್ರವನ್ನು ಕುಗ್ಗಿದ ಸರಾಸರಿಯ ಮೇಲೆ ನಿಗದಿಪಡಿಸಬೇಡಿ.

ಪ್ಯಾಕೆಟ್‌ಗಳು ಹಿಂದುಮುಂದಾಗಿ ಬಂದರೆ ಸಮಯ ತಪ್ಪುವುದಿಲ್ಲವೇ?

ಸಮಯವನ್ನು ಉಪಕರಣದಲ್ಲೇ ಬರೆದಿದ್ದರೆ ತಪ್ಪುವುದಿಲ್ಲ. ಬಫರ್ ಇರುವ ವ್ಯವಸ್ಥೆಯಲ್ಲಿ ಬಂದು ತಲುಪಿದ ಸಮಯಕ್ಕೆ ಯಾವ ಅರ್ಥವೂ ಇಲ್ಲ. ರೇಡಿಯೊ ಖಗೋಳದ ವಿಡಿಐಎಫ್ ರೂಪದಲ್ಲಿ ಪ್ರತಿ ಚೌಕಟ್ಟಿನ ತಲೆಬರಹದಲ್ಲೂ ಒಂದು ನಿಗದಿತ ಆರಂಭದಿಂದ ಕಳೆದ ಸೆಕೆಂಡುಗಳು ಮತ್ತು ಆ ಸೆಕೆಂಡಿನೊಳಗಿನ ಚೌಕಟ್ಟಿನ ಸಂಖ್ಯೆ ಇರುತ್ತವೆ. ಆ ಎರಡು ಅಂಕಿಗಳಿಂದ ಚೌಕಟ್ಟು ಉಂಗುರದ ಯಾವ ಖಾನೆಗೆ ಸೇರಬೇಕು ಎಂದು ನೇರವಾಗಿ ಲೆಕ್ಕ ಹಾಕಬಹುದು, ವಿಂಗಡಣೆಯೇ ಬೇಡ. ತಡವಾಗಿ ಬಂದದ್ದು ತನ್ನ ಜಾಗಕ್ಕೆ ಹೋಗಿ ಕೂರುತ್ತದೆ, ಬಾರದ್ದರ ಜಾಗ ಖಾಲಿ ಎಂದು ಗುರುತಾಗಿ ಉಳಿಯುತ್ತದೆ. ಆ ಜಾಗಕ್ಕೆ ಸೊನ್ನೆ ತುಂಬಿ ಸುಮ್ಮನಾಗಬೇಡಿ, ಸೊನ್ನೆಯೂ ಒಂದು ಅಳತೆಯಾಗಿರಬಹುದು.

## ಮುಂದುವರಿದ ಪ್ರಶ್ನೆಗಳು

ಕಾಫ್ಕಾ ಬಳಸಿದರೆ ಇದೆಲ್ಲ ತಾನೇ ಬಗೆಹರಿಯುವುದಿಲ್ಲವೇ?

ಕಾಫ್ಕಾ ಎಂದರೆ ಸಂದೇಶಗಳನ್ನು ಸಾಲಾಗಿ ಉಳಿಸಿಟ್ಟು ಹಲವು ಓದುಗರಿಗೆ ಹಂಚುವ ತಂತ್ರಾಂಶ; ಸಣ್ಣ ಸಂದೇಶಗಳಿಗೆ ಬಗೆಹರಿಯುತ್ತದೆ. ಯುರೋಪಿಯನ್ ಸ್ಪಾಲೇಶನ್ ಸೋರ್ಸ್ ಎಂಬ ಪ್ರಯೋಗಾಲಯ ನ್ಯೂಟ್ರಾನ್ ಘಟನೆಗಳನ್ನು ಕಾಫ್ಕಾ ಮೂಲಕ ಹರಿಸುವಂತೆ ತನ್ನ ವ್ಯವಸ್ಥೆಯನ್ನು ರೂಪಿಸಿದೆ. ಜ್ವಿಕಿ ಟ್ರಾನ್ಸಿಯೆಂಟ್ ಫೆಸಿಲಿಟಿ ಎಂಬ ಆಕಾಶ ಸಮೀಕ್ಷೆ ತನ್ನ ಖಗೋಳ ಎಚ್ಚರಿಕೆಗಳನ್ನು ಹೀಗೆಯೇ ಹಂಚುತ್ತದೆ. ಅಲ್ಲಿ ಓದುಗರು ಹಲವರು, ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಓದಬೇಕು, ಬೇಕೆಂದಾಗ ಹಿಂದಕ್ಕೆ ಹೋಗಿ ಮತ್ತೆ ಓದಬೇಕು. ಕಾಫ್ಕಾ ಇದಕ್ಕೆಂದೇ ಹುಟ್ಟಿದ್ದು. ಆದರೆ ಅದರ ಸಂದೇಶದ ಪೂರ್ವನಿಯೋಜಿತ ಮಿತಿ ಸುಮಾರು 1 ಮೆಗಾಬೈಟ್, ಮತ್ತು ಭದ್ರತೆಗೆಂದು ಮೂರು ಪ್ರತಿ ಇಟ್ಟರೆ ಬರೆಯುವ ಹೊರೆ ಮೂರು ಪಟ್ಟಾಗುತ್ತದೆ. ಕಚ್ಚಾ ಹರಿವಿಗೆ ಉಂಗುರ, ಅದರಿಂದ ಹೊರಬಂದ ಘಟನೆಗಳಿಗೆ ಮತ್ತು ಸ್ಥಿತಿಯ ಸುದ್ದಿಗೆ ಕಾಫ್ಕಾ ಎಂದು ಹಂಚಿಕೊಳ್ಳುವುದು ನನಗೆ ಸರಿ ಎನಿಸುತ್ತದೆ.

ಒಂದು ಹರಿವನ್ನು ದೂರದ ನೂರಾರು ಕಂಪ್ಯೂಟರ್‌ಗಳಿಗೆ ಹಂಚುವುದು ಹೇಗೆ?

ಒಂದೇ ಘಟನೆಯ ಎಲ್ಲ ಚೂರುಗಳೂ ಒಂದೇ ಕಂಪ್ಯೂಟರ್ ತಲುಪಬೇಕು, ಯಾವ ಕಂಪ್ಯೂಟರ್ ಎಂಬುದು ಅವುಗಳ ಹೊರೆ ನೋಡಿ ಬದಲಾಗುತ್ತಿರಬೇಕು, ಮತ್ತು ಉಪಕರಣಕ್ಕೆ ಇದಾವುದೂ ಗೊತ್ತಾಗಬಾರದು. ಇಎಸ್‌ನೆಟ್ ಮತ್ತು ಜೆಫರ್ಸನ್ ಲ್ಯಾಬ್ ಸೇರಿ ರೂಪಿಸಿದ ಇಜೆಫ್ಯಾಟ್ ಇದನ್ನು ನೆಟ್‌ವರ್ಕ್‌ನೊಳಗೇ ಮಾಡುತ್ತದೆ: ಪ್ರತಿ ಯುಡಿಪಿ ಪ್ಯಾಕೆಟ್‌ನಲ್ಲಿ ಘಟನೆಯ ಸಂಖ್ಯೆ ಇರುತ್ತದೆ, ದಾರಿಯಲ್ಲಿರುವ ಎಫ್‌ಪಿಜಿಎ ಆ ಸಂಖ್ಯೆ ನೋಡಿ ಗುರಿಯ ವಿಳಾಸ ಬರೆಯುತ್ತದೆ. ಕಂಪ್ಯೂಟರ್‌ಗಳು ತಮ್ಮ ಬಫರ್ ಎಷ್ಟು ತುಂಬಿದೆ ಎಂದು ವರದಿ ಮಾಡುತ್ತಿರುತ್ತವೆ, ಅದರಂತೆ ಹಂಚಿಕೆ ಬದಲಾಗುತ್ತದೆ.

ದೂರದಲ್ಲಿ ಲೆಕ್ಕ ಹಾಕಿ, ಆ ಫಲಿತಾಂಶ ನೋಡಿ ಕಚ್ಚಾ ಡೇಟಾ ಉಳಿಸಬೇಕೋ ಬೇಡವೋ ಎಂದು ನಿರ್ಧರಿಸಬಹುದೇ?

ನಿರ್ಧಾರ ಬಂದು ಮುಟ್ಟುವವರೆಗೆ ಬಫರ್ ಹಳೆಯದನ್ನು ಹಿಡಿದಿಟ್ಟುಕೊಂಡಿದ್ದರೆ ಖಂಡಿತ ಆಗುತ್ತದೆ. ಸರ್ನ್‌ನ ಸಿಎಂಎಸ್ ಶೋಧಕದಲ್ಲಿ ಯಾವ ಘಟನೆ ಉಳಿಸಬೇಕೆಂದು ನಿರ್ಧರಿಸುವ ಮೊದಲ ಹಂತದ ಟ್ರಿಗರ್‌ಗೆ ಸುಮಾರು 4 ಮೈಕ್ರೊಸೆಕೆಂಡ್ ಅವಕಾಶ. ಸೆಕೆಂಡಿಗೆ 4 ಕೋಟಿ ಬಾರಿ ಕಣಗುಚ್ಛಗಳು ದಾಟುವುದರಿಂದ ಅಷ್ಟು ಹೊತ್ತಿಗೆ ಸುಮಾರು 160 ದಾಟುವಿಕೆಗಳ ದತ್ತಾಂಶ ಶೋಧಕದ ಬಳಿಯೇ ಕಾಯುತ್ತದೆ. ಲೋಫಾರ್ ರೇಡಿಯೊ ದೂರದರ್ಶಕದ ಟ್ರಾನ್ಸಿಯೆಂಟ್ ಬಫರ್ ಕಚ್ಚಾ ಸಿಗ್ನಲ್ಲನ್ನು ಸುಮಾರು 5 ಸೆಕೆಂಡ್ ಸುತ್ತಿಸುತ್ತಿದ್ದು, ಟ್ರಿಗರ್ ಬಂದೊಡನೆ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ರೇಡಿಯೊ ಸ್ಫೋಟಗಳಲ್ಲಿ ಕಡಿಮೆ ಆವರ್ತನಗಳು ತಡವಾಗಿ ತಲುಪುವುದರಿಂದ, ಲೆಕ್ಕದ ಮತ್ತು ದಾರಿಯ ವಿಳಂಬದ ಮೇಲೆ ಆ ಅಂತರವನ್ನೂ ಕೂಡಿಸಬೇಕು. ಎಲ್‌ಎಚ್‌ಸಿಬಿ ಇನ್ನೊಂದು ತುದಿಗೆ ಹೋಗಿದೆ: ಮೊದಲ ಹಂತದಲ್ಲಿ ಆಯ್ದದ್ದನ್ನು ಡಿಸ್ಕ್ ಬಫರ್‌ನಲ್ಲಿ ಇಟ್ಟು, ಶೋಧಕದ ಮಾಪನಾಂಕ ಸರಿಪಡಿಸಿಕೊಂಡ ಮೇಲೆಯೇ ಎರಡನೆಯ ಹಂತವನ್ನು ಓಡಿಸುತ್ತದೆ.

ಇಂಥ ನಿಯಂತ್ರಣದ ಸಂದೇಶಗಳನ್ನು ಭಾರಿ ದತ್ತಾಂಶದ ಸರದಿಯಲ್ಲೇ ನಿಲ್ಲಿಸಬಾರದು. 67 ಟೆರಾಬೈಟ್ ಬಾಕಿಯ ಹಿಂದೆ ನಿಂತ ಟ್ರಿಗರ್ 6 ಗಂಟೆ ತಡವಾಗಿ ಬರುತ್ತದೆ.

ಬಫರ್‌ನಿಂದ ಡೇಟಾವನ್ನು ಯಾವಾಗ ಅಳಿಸಬಹುದು?

ಆಚೆ ಬದಿ ಕಡತವನ್ನು ಡಿಸ್ಕಿನಿಂದ ಮತ್ತೆ ಓದಿ, ಅದರ ಚೆಕ್‌ಸಮ್ (ದತ್ತಾಂಶದಿಂದ ಲೆಕ್ಕ ಹಾಕಿದ ತಾಳೆಯ ಅಂಕಿ) ಮೂಲದೊಂದಿಗೆ ತಾಳೆಯಾಗಿದೆ ಎಂದು ಉತ್ತರಿಸಿದ ಮೇಲೆ. ಟಿಸಿಪಿಯ ಸ್ವೀಕೃತಿ ಸಾಕಾಗುವುದಿಲ್ಲ, ಅದು ಹೇಳುವುದು ಆಚೆಯ ಕರ್ನಲ್‌ಗೆ ತಲುಪಿದೆ ಎಂದಷ್ಟೇ. ಅದರ ಚೆಕ್‌ಸಮ್ ಕೂಡ 16 ಬಿಟ್‌ನದು, ಪೆಟಾಬೈಟ್‌ಗಳ ಕಾವಲಿಗೆ ಬಲು ದುರ್ಬಲ. ಚೆಕ್‌ಸಮ್ಮನ್ನು ದತ್ತಾಂಶ ಮೊದಲ ಸಲ ರ‍್ಯಾಮ್‌ನಲ್ಲಿರುವಾಗಲೇ ತೆಗೆದಿಡಬೇಕು. ಡಿಸ್ಕಿಗೆ ಬರೆದ ಮೇಲೆ ತೆಗೆದರೆ ಬರೆಯುವಾಗ ಆದ ದೋಷಕ್ಕೂ ಸರಿಯೆಂಬ ಮುದ್ರೆ ಬೀಳುತ್ತದೆ.

ಉಪಕರಣ ಇನ್ನೂ ಬಂದಿಲ್ಲ. ಅದಿಲ್ಲದೆ ಪರೀಕ್ಷಿಸುವುದು ಹೇಗೆ?

ನಿಜವಾದ ಪ್ಯಾಕೆಟ್ ಗಾತ್ರದಲ್ಲಿ, ನಿಜವಾದ ವೇಗದಲ್ಲಿ, ಅನುಕ್ರಮ ಸಂಖ್ಯೆ ಹಾಕಿ ಕಳಿಸುವ ಒಂದು ಕೃತಕ ಮೂಲ ಬರೆದುಕೊಳ್ಳಿ. ಬಫರ್ ಕನಿಷ್ಠ ಒಮ್ಮೆ ಪೂರ್ತಿ ತುಂಬಿ ಸುತ್ತುವವರೆಗೆ ಓಡಿಸಿ. ಐದು ನಿಮಿಷದ ಪರೀಕ್ಷೆ ಏನನ್ನೂ ಸಾಬೀತುಪಡಿಸುವುದಿಲ್ಲ. ಓಡುತ್ತಿರುವಾಗಲೇ ಲೈನ್ ಕೇಬಲ್ ಕಿತ್ತು ನೋಡಿ, ಸಂಸ್ಕರಿಸುವ ಪ್ರೋಗ್ರಾಮನ್ನು ಕೊಂದು ನೋಡಿ, ಒಂದು ಡಿಸ್ಕನ್ನು ಎಳೆದು ನೋಡಿ; ಪ್ರತಿ ಸಲವೂ ಕಳೆದದ್ದೆಷ್ಟು ಎಂದು ವ್ಯವಸ್ಥೆ ಹೇಳುವ ಲೆಕ್ಕ, ಕಳಿಸಿದವರ ಲೆಕ್ಕದೊಂದಿಗೆ ಒಂದು ಪ್ಯಾಕೆಟ್ ಕೂಡ ತಪ್ಪದೆ ತಾಳೆಯಾಗಬೇಕು.

ದೂರವನ್ನು ಕೃತಕವಾಗಿ ತರಲು ಲಿನಕ್ಸ್‌ನ ನೆಟೆಮ್ ಸಾಧನ ಇದೆ. ಅದರಲ್ಲಿ ಒಂದು ಹಳ್ಳವಿದೆ: ವಿಳಂಬಕ್ಕಾಗಿ ಅದು ಹಿಡಿದಿಟ್ಟುಕೊಳ್ಳುವ ಪ್ಯಾಕೆಟ್‌ಗಳ ಪೂರ್ವನಿಯೋಜಿತ ಮಿತಿ 1,000. 10 ಗಿಗಾಬಿಟ್ ಹರಿವಿಗೆ 100 ಮಿಲಿಸೆಕೆಂಡ್ ವಿಳಂಬ ಹಾಕಿದರೆ ಜಂಬೊ ಚೌಕಟ್ಟಿನಲ್ಲೇ ಸುಮಾರು 14,000 ಪ್ಯಾಕೆಟ್‌ಗಳು ಒಳಗಿರಬೇಕಾಗುತ್ತದೆ. ಮಿತಿಯನ್ನು ಏರಿಸದೆ ಪರೀಕ್ಷಿಸಿದರೆ ಉಳಿದವನ್ನು ನೆಟೆಮ್ ತಾನೇ ಬೀಳಿಸುತ್ತದೆ, ಮತ್ತು ನೀವು ಇಲ್ಲದ ದೋಷವನ್ನು ನಿಮ್ಮ ಪ್ರೋಗ್ರಾಮಿನಲ್ಲಿ ಹುಡುಕುತ್ತಾ ಕೂರುತ್ತೀರಿ.